ತಾಳಕ್ಕೂ ಇದೆ ವೇಗಮಿತಿ

ದುಬೈನ ಕರಾಮದಲ್ಲೋ ಅಲ್ ನಹ್ದಾದಲ್ಲೋ ಒಂದು ಫ್ಲಾಟಿನ ಹಾಲಿನಲ್ಲಿ ಹದಿನೈದು ಕನ್ನಡಿಗರು ಹಾಡಿಗೆಂದು ಸೇರಿದರೆ ಅವರಲ್ಲಿ ಹದಿನಾಲ್ಕು ಮಂದಿ ಗಾಯಕರು. ಹದಿನೈದನೆಯವರು ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತಿರುತ್ತಾರೆ. ಎಣ್ಣೆ ಇಳಿಸಿದ ಮೇಲೆ ಅವರದ್ದೂ ಒಂದು ದೇವರನಾಮ ಇದ್ದೇ ಇದೆ. 2022ರ ಜನವರಿಯಲ್ಲಿ ಇಲ್ಲಿನ ವಾರದ ರಜೆ ಶನಿವಾರ-ಭಾನುವಾರಕ್ಕೆ ಬದಲಾದಾಗ ನಮ್ಮ ಶುಕ್ರವಾರದ ಕೂಟವೂ ಶನಿವಾರಕ್ಕೆ ಜರುಗಿತು. ಕೇಳುಗರ ಕೊರತೆ ಮಾತ್ರ ಇದ್ದಲ್ಲೇ ಇದೆ.

ಹೀಗಿರುವಾಗ ಕೂಟದ ಮೊದಲ ಸಭ್ಯತೆ ಸುಮ್ಮನಿರುವುದು. ಅದರಲ್ಲೂ ತಬಲಾ ಶ್ರುತಿ ಮಾಡುವಾಗ. ಆಗಸ್ಟ್ ತಿಂಗಳ ಹಬೆಯಲ್ಲಿ ಪಾರ್ಕಿಂಗ್ ಹುಡುಕಿ, ಬೆವೆತ ತಬಲಾವನ್ನು ಎ.ಸಿ. ಕೋಣೆಗೆ ತಂದರೆ ಅದರ ಚರ್ಮ ಒಣಗುತ್ತಾ ಬಿಗಿಯುತ್ತದೆ, ಶ್ರುತಿ ತಾನಾಗಿಯೇ ಮೇಲೇರುತ್ತದೆ. ಪಾಪ, ಆ ಮನುಷ್ಯ ಸುತ್ತಿಗೆ ಹಿಡಿದು, ಕಿವಿ ಬಾಗಿಸಿ ಕೂತಿರುತ್ತಾನೆ. ಹಾರ್ಮೋನಿಯಂ ಪಕ್ಕದಲ್ಲಿದ್ದವರಿಗೆ ಸರಿಯಾಗಿ ಆಗಲೇ ಹಳೆಯ ಸಿನಿಮಾ ಹಾಡೊಂದು ನೆನಪಾಗುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಅದರಲ್ಲಿ ಗಮಕ ಬರುವುದಿಲ್ಲ ಎಂಬುದು ಅಂದಿನವರ ಆಕ್ಷೇಪ. ಅದರ ಮುಂದೆ ಕೂತವರಿಗೆ ಮೌನ ಬರುವುದಿಲ್ಲ ಎಂಬುದು ನನ್ನದು.

ಕೊನೆಗೂ ಕಪ್ಪು ಒಂದಕ್ಕೆ ಎಲ್ಲ ಸೇರಿತು ಎನ್ನುವಾಗ ಹಾಡಲು ಬಂದ ಅಕ್ಕ ಮೆಲ್ಲಗೆ, "ನನ್ನದು ಬಿಳಿ ಐದು" ಎನ್ನುತ್ತಾರೆ. ತಬಲಾದವನು ಬೇರೆ ದಾಯಾಂ ತಂದಿಲ್ಲ. ಶ್ರುತಿಯನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲೇ ತಿಳಿಸಿದರೆ ಯಾರ ಗಂಟೇನೂ ಹೋಗದು. ಆದರೆ ಅಲ್ಲಿ ಚರ್ಚೆಯಾಗುವುದು ಚಟ್ನಿ ಯಾರು ತರಬೇಕು ಎಂದು.

ಧಾಟಿಯ ಜಗಳ ಇನ್ನೊಂದು. ನಾಡಗೀತೆಯದ್ದನ್ನು 2022ರಲ್ಲಿ ಕರ್ನಾಟಕ ಸರ್ಕಾರವೇ ತೀರ್ಮಾನಿಸಿತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಉಳಿದ ಭಾವಗೀತೆಗಳಿಗೆಲ್ಲ ಸರ್ಕಾರ ಎಲ್ಲಿಂದ ಬರಬೇಕು? ಎತ್ತಿಕೊಂಡವರದ್ದೇ ಧಾಟಿ, ಉಳಿದವರು ಪಲ್ಲವಿಗೆ ಮಾತ್ರ ಎಂದು ನಾವೇ ಕಾನೂನು ಮಾಡಿಕೊಂಡಿದ್ದೇವೆ. ರಾತ್ರಿ ಹತ್ತರ ಮೇಲೆ ಸಿ. ಅಶ್ವತ್ಥ್ ಅವರ ತಾರಸ್ಥಾಯಿಗೆ ಯಾರೂ ಕೈ ಹಾಕಬಾರದೆಂಬುದು ಅದಕ್ಕೆ ಆದ ತಿದ್ದುಪಡಿ. ಕೆಳಗಿನ ಮನೆಯಲ್ಲಿ ಹಸುಗೂಸಿದೆ.

ಆದರೆ ನಿಜವಾದ ಅಪಾಯ ತಾಳ ಹಿಡಿದವರಿಂದ. ದುಬೈ ರಸ್ತೆಯಲ್ಲಿ ಫಲಕದ ಮಿತಿಗಿಂತ 20 ಕಿ.ಮೀ. ಹೆಚ್ಚು ಓಡಿಸಿದರೂ ರಾಡಾರ್ ಸುಮ್ಮನಿರುತ್ತದೆ. ಅಬುಧಾಬಿ ಆ ರಿಯಾಯಿತಿಯನ್ನು 2018ರ ಆಗಸ್ಟಿನಲ್ಲೇ ಕಿತ್ತುಹಾಕಿತು. ನಮ್ಮ ಭಜನೆಯಲ್ಲೂ ಅದೇ ಭೇದ ಕಾಣುತ್ತೇನೆ. ಅಬುಧಾಬಿಯವರ ಕೈಯಲ್ಲಿ ತಾಳವಿದ್ದರೆ ಲಯ ಗೆರೆ ದಾಟುವುದಿಲ್ಲ. ದುಬೈಯವರಿಗೆ ಕೊಟ್ಟರೆ ಎರಡನೇ ಚರಣದಲ್ಲಿ ಇಪ್ಪತ್ತು ಸೇರಿಕೊಳ್ಳುತ್ತದೆ, ಮೂರನೆಯದರಲ್ಲಿ ಗಾಯಕರು ಸಾಹಿತ್ಯವನ್ನು ಕೈಬಿಟ್ಟು ಬರೀ ಉಸಿರು ಹಿಡಿದು ಓಡುತ್ತಾರೆ.

ಮಂಗಳವಾದ ಮೇಲೆ ಯಾರೂ ಹಾಡಬಾರದು. ಈ ನಿಯಮಕ್ಕೆ ಒಂದೇ ವಿನಾಯಿತಿ: 140 ಕಿ.ಮೀ. ದಾಟಿ ಅಬುಧಾಬಿಯಿಂದ ತಡವಾಗಿ ಬಂದವರಿಗೆ ಒಂದು ಹಾಡು. ಶಾರ್ಜಾದವರು ಇದನ್ನು ಒಪ್ಪುತ್ತಿಲ್ಲ. ದೂರವನ್ನು ಅಳೆಯಬೇಡಿ, ಟ್ರಾಫಿಕ್‌ನಲ್ಲಿ ಕಳೆದ ಹೊತ್ತನ್ನು ಅಳೆಯಿರಿ, ಆ ಲೆಕ್ಕದಲ್ಲಿ ನಮಗೆ ಎರಡು ಹಾಡು ಬರುತ್ತದೆ ಎಂದು ಅವರ ವಾದ.