ತೋಟಕ್ಕೊಬ್ಬ ವರ

ಮಿನಿ ಟ್ರ್ಯಾಕ್ಟರ್ ನೋಡಲು ಹೊರಟಾಗ ನನ್ನ ಕಣ್ಣೆಲ್ಲ ಬಣ್ಣದ ಮೇಲೆ. 'ಹದಿನೆಂಟು ಎಚ್‌ಪಿ ಸಾರ್' ಎಂದ ಷೋರೂಮಿನ ಹುಡುಗ. ವರನ ಸಂಬಳ ಕೇಳಿದ ಮಾವನಂತೆ ತಲೆದೂಗಿದೆ.

ಹೆಂಡತಿ ಮಾತ್ರ ಬ್ಯಾಗಿನಿಂದ ಟೇಪು ತೆಗೆದು ಚಕ್ರದಿಂದ ಚಕ್ರಕ್ಕೆ ಅಳೆದಳು. ನಮ್ಮದು 9 ಅಡಿ ಅಂತರದ ಅಡಿಕೆ ತೋಟ. ನಡುವೆ ಬಾಳೆ, ಸಾಲದ್ದಕ್ಕೆ ಬಸಿಗಾಲುವೆ.

'ಗಾಡಿ ಹಿಡಿಸುತ್ತೆ. ಹಿಂದೆ ಹುಲ್ಲು ಹೊಡೆಯೋ ಮಷಿನ್ ಸಿಕ್ಕಿಸಿದ ಮೇಲೆ?'

ಹುಡುಗ ಬೆವರಿದ. ಆ ಮಷಿನ್ ಓಡಿಸುವ ಹಿಂದಿನ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಬ್ಲೇಡಿಗೆ ಹುಲ್ಲೂ ಒಂದೇ, ಡ್ರಿಪ್ ಪೈಪೂ ಒಂದೇ.

'ಇದು ನಮ್ಮ ಸಂಕ ದಾಟುತ್ತಾ?' ಅವಳ ಕೊನೆಯ ಪ್ರಶ್ನೆ.

ನಮ್ಮ ಸಂಕವೆಂದರೆ ಎರಡು ಅಡಿಕೆ ಮರ. ನಾನು ದಾಟುವುದೇ ದೇವರ ದಯೆಯಿಂದ!

ಆ ವರ್ಷ ಬಂದದ್ದು ಟ್ರ್ಯಾಕ್ಟರಲ್ಲ, ಸಂಕಕ್ಕೆ ಸಿಮೆಂಟು. ನೋಡಲು ಹೋಗುವವರು ಟೇಪು ಮರೆಯಬೇಡಿ. ಬಣ್ಣ ಎಲ್ಲದರದೂ ಚೆನ್ನಾಗಿಯೇ ಇರುತ್ತದೆ.