ರಾಮಗಢದಲ್ಲಿ ಕರೆಂಟಿಲ್ಲ, ಟ್ಯಾಂಕಿದೆ

ಜಯನಗರದಲ್ಲಿ ಅರವತ್ತು ದಾಟಿದವರ ಮುಖ್ಯ ಕಸುಬು ದರ್ಜೆ ಕೊಡುವುದು. ಯಾವ ಹೋಟೆಲಿನ ಚಟ್ನಿ ನೀರಾಯಿತು, ಬನಶಂಕರಿಯ ಯಾವ ಸ್ಟೇಜಿನಲ್ಲಿ ಗಾಳಿ ಚೆನ್ನಾಗಿದೆ, ಜೆ.ಪಿ. ನಗರದ ಎಷ್ಟನೇ ಫೇಸಿನಿಂದಾಚೆಗೆ ಬೆಂಗಳೂರು ಅನ್ನಬಾರದು, ಇವೆಲ್ಲ ಮಾಧವನ್ ಪಾರ್ಕಿನ ಎರಡು ಸುತ್ತಿನೊಳಗೆ ಇತ್ಯರ್ಥವಾಗಿಬಿಡುತ್ತವೆ. ಬಿಟಿಎಂ ಲೇಔಟನ್ನು ನಾವು 'ಇನ್ನೂ ಅಭಿವೃದ್ಧಿಶೀಲ' ಅನ್ನುತ್ತೇವೆ. ಅವರು ನಮ್ಮನ್ನು 'ನಿವೃತ್ತ' ಅನ್ನುತ್ತಾರಂತೆ.

ನಮ್ಮ ಬೀದಿಯಲ್ಲಿ ಈ ವಿಷಯದ ಸುಪ್ರೀಂ ಕೋರ್ಟು ಎಂದರೆ ಅರ್ಥಶಾಸ್ತ್ರದ ಮೇಷ್ಟ್ರು. ಅವರ ಮನೆಯಲ್ಲಿ ದೇವರ ಗೂಡಿನ ಪಕ್ಕದ ಬೀರುವಿನಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಿದೆ. ಕರ್ನಾಟಕದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಲ್ಲಿ ತೂಗಿ, 114 ಹಿಂದುಳಿದಿವೆ ಎಂದು 2002ರಲ್ಲಿ ಹೇಳಿದ ವರದಿ ಅದು. ಹಿಂದುಳಿದವರಲ್ಲೂ ಮೂರು ಪಂಕ್ತಿ: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಬರೇ ಹಿಂದುಳಿದವು 35. 'ಅತ್ಯಂತ'ದಿಂದ 'ಅತಿ'ಗೆ ಬಡ್ತಿ ಪಡೆದ ತಾಲ್ಲೂಕಿನವರು ಸಿಹಿ ಹಂಚಬೇಕೋ ಬೇಡವೋ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥ ಮೇಷ್ಟ್ರನ್ನು ಅವರ ಮೊಮ್ಮಗ ಒಂದು ಭಾನುವಾರ ಕೇಳಿದ: "ತಾತಾ, ವಕಾಂಡ ಡೆವಲಪ್ಡ್ ಕಂಟ್ರೀನಾ, ಡೆವಲಪಿಂಗಾ?"

ಬೇರೆ ಯಾರಾದರೂ ಆಗಿದ್ದರೆ "ಹೋಗೋ, ಓದ್ಕೋ ಹೋಗು" ಅನ್ನುತ್ತಿದ್ದರು. ಮೇಷ್ಟ್ರು ಕನ್ನಡಕ ಹಾಕಿಕೊಂಡರು.

ವಕಾಂಡ ಸಿನಿಮಾದ ದೇಶ. ನೆಲದೊಳಗೆ ವೈಬ್ರೇನಿಯಂ ಎಂಬ ಲೋಹ ರಾಶಿ ಬಿದ್ದಿದೆ, ಆದರೆ ಹೊರಗಿನವರ ಮುಂದೆ ಬಡ ರೈತರ ದೇಶದ ವೇಷ. ಮೊಮ್ಮಗ ಕಥೆ ಹೇಳಿ ಮುಗಿಸುವ ಮುಂಚೆಯೇ ಮೇಷ್ಟ್ರು, "ಅಂದ್ರೆ ಬಂಗಲೆ ಕಟ್ಟಿಸಿಕೊಂಡು ಬಿಪಿಎಲ್ ಕಾರ್ಡ್ ಇಟ್ಕೊಂಡಿರೋರ ಥರ" ಎಂದು ತೀರ್ಪು ಕೊಟ್ಟರು. ಇನ್ನೊಂದು ಸಿನಿಮಾದ ರಾಜ್ಯ ಮಾಹಿಷ್ಮತಿಗೂ ನಪಾಸು. ಆಕಾಶದೆತ್ತರದ ವಿಗ್ರಹ ನಿಲ್ಲಿಸಲು ಊರಿಗೆ ಊರೇ ಹಗ್ಗ ಎಳೆಯುತ್ತದೆ. ಅದನ್ನು ಉದ್ಯೋಗ ಖಾತ್ರಿ ಎಂದು ಬರೆದುಕೊಳ್ಳೋಣವೆಂದರೆ ಕೂಲಿ ಕೊಡುವ ದೃಶ್ಯವೇ ಇಲ್ಲ.

ತೊಡಕು ಇರುವುದು ಇಲ್ಲೇ. ವಿಶ್ವಸಂಸ್ಥೆಯವರು 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಎಂದು ಒಂದು ಲೆಕ್ಕ ಇಟ್ಟಿದ್ದಾರೆ. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಮುಂದೆ ನಿಂತು, ನಮ್ಮ ಅಮರ್ತ್ಯ ಸೇನ್ ಕೈಜೋಡಿಸಿ ಮಾಡಿದ್ದು. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದುತ್ತಾರೆ, ಎಷ್ಟು ದುಡಿಯುತ್ತಾರೆ, ಮೂರೇ ಪ್ರಶ್ನೆ. ಆದರೆ ಕಥೆ ಕಟ್ಟುವವರು ಈ ಮೂರನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ರಾಜನ ಮೀಸೆ, ಕುದುರೆಯ ಬಣ್ಣ, ರಾಜಕುಮಾರಿಯ ಜಡೆಯ ಉದ್ದ, ಎಲ್ಲಕ್ಕೂ ದಾಖಲೆ ಉಂಟು, ಚರಂಡಿಗೆ ಇಲ್ಲ. ಕೊನೆಯಲ್ಲಿ 'ಎಲ್ಲರೂ ಸುಖವಾಗಿದ್ದರು' ಎಂಬ ಒಂದೇ ಅಂಕಿಅಂಶ, ಅದಕ್ಕೂ ಆಡಿಟ್ ಆಗಿಲ್ಲ. 1516ರಲ್ಲಿ ಥಾಮಸ್ ಮೋರ್ ಒಬ್ಬ ಸ್ವಲ್ಪ ವಿವರ ಕೊಟ್ಟ: ಅವನ ಯುಟೋಪಿಯಾದಲ್ಲಿ ದಿನಕ್ಕೆ ಆರೇ ಗಂಟೆ ಕೆಲಸ, ಬಂಗಾರದಲ್ಲಿ ಮಾಡಿದ್ದು ಮೂತ್ರದ ಪಾತ್ರೆ. ಇದನ್ನು ಕೇಳಿದ ಮೇಷ್ಟ್ರ ಮನೆಯವರು, "ತೊಳೆಯೋರು ಯಾರಂತೆ?" ಎಂದರು. ಯುಟೋಪಿಯಾದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಮಾರನೆಯ ದಿನ ವಿಷಯ ಪಾರ್ಕಿಗೆ ಬಂತು. ಯಾರೋ ಲಂಕೆಯನ್ನು ಪಟ್ಟಿಗೆ ಸೇರಿಸಿದರು. ಚಿನ್ನದ ಊರು, ಸ್ವಂತ ವಿಮಾನ, ಆರು ತಿಂಗಳು ಮಲಗಿದವನಿಗೂ ಅರಮನೆಯಿಂದ ಊಟ. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬೆಂಚಿನಿಂದ ಎದ್ದು, "ಲಂಕೆ ಕಾಲ್ಪನಿಕ ಅಂತ ಯಾರ್ರೀ ಹೇಳಿದ್ದು?" ಎಂದು ಕೇಳಿದರು. ಲಂಕೆಯನ್ನು ಕೂಡಲೇ ಹಿಂದಕ್ಕೆ ಪಡೆಯಲಾಯಿತು.

ಹಾಗೆ ನೋಡಿದರೆ ಕಾಲ್ಪನಿಕ ದೇಶಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರಲ್ಲ, ಅಲ್ಲಿಗೆ ತಲೆತಲಾಂತರದಿಂದ ದಕ್ಷಿಣದವರಾದ ನಾವು ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿಲ್ಲ. ಮಾಗಡಿ, ಚನ್ನಪಟ್ಟಣ ಇವೆ. ಆ ಜಿಲ್ಲೆಯ ಪಾಲಿಗೆ ಎರಡು ಕಾಲ್ಪನಿಕ ಪ್ರದೇಶ ಬಂದಿವೆ. ಒಂದು, ಬಿಡದಿಯ ಆಶ್ರಮದ ನಿತ್ಯಾನಂದರು ದೇಶ ಬಿಟ್ಟ ಮೇಲೆ ಘೋಷಿಸಿದ ಕೈಲಾಸ. ಅದರ ನೆಲ ಕಂಡವರಿಲ್ಲ, ರಿಸರ್ವ್ ಬ್ಯಾಂಕ್ ಮಾತ್ರ ಇದೆಯಂತೆ. 2023ರ ಜನವರಿಯಲ್ಲಿ ಅಮೆರಿಕದ ನೆವಾರ್ಕ್ ನಗರಸಭೆ ಅದರ ಜೊತೆ ಸೋದರ ನಗರದ ಒಪ್ಪಂದಕ್ಕೆ ರುಜು ಹಾಕಿ, ವಾರದೊಳಗೆ ಹರಿದು ಹಾಕಿತು. ಇನ್ನೊಂದು, ರಾಮನಗರದ ಬಂಡೆಗಳ ನಡುವೆ 'ಶೋಲೆ'ಗಾಗಿ ಎದ್ದ ರಾಮಗಢ. ಅಲ್ಲಿ ಕರೆಂಟಿಲ್ಲ, ಸಂಜೆಯಾದರೆ ಠಾಕೂರರ ಸೊಸೆ ದೀಪ ಹಿಡಿದು ಓಡಾಡಬೇಕು. ಆದರೆ ಧರ್ಮೇಂದ್ರ ಹತ್ತಿ ಕೂಗಾಡಲು ಭರ್ಜರಿ ನೀರಿನ ಟ್ಯಾಂಕು ಇದೆ. ಕರೆಂಟಿಲ್ಲದೆ ನೀರು ಮೇಲೆ ಹೇಗೆ ಏರಿತು ಎನ್ನುವುದು ಹಳೇ ಜೋಕು. ಮೇಷ್ಟ್ರು ನಗಲಿಲ್ಲ. "ಟ್ಯಾಂಕ್ ಕಟ್ಟಿ ಉದ್ಘಾಟನೆ ಮಾಡಿದಾರೆ, ನೀರು ಬಂದಿದೆ ಅಂತ ಯಾರು ಹೇಳಿದ್ರು?" ಎಂದು ರಾಮಗಢವನ್ನು 'ಅತಿ ಹಿಂದುಳಿದ' ಪಂಕ್ತಿಯಲ್ಲಿ ಕೂರಿಸಿದರು.

ನನ್ನ ಮತ ಮಾಲ್ಗುಡಿಗೆ. ಆರ್.ಕೆ. ನಾರಾಯಣ್ 1930ರಲ್ಲಿ ಬೆಂಗಳೂರಿನಲ್ಲೇ ಕೂತು ಕಟ್ಟಲು ಶುರುಮಾಡಿದ ಊರು; ಶಂಕರ್‌ನಾಗ್ ಅದನ್ನು ಆಗುಂಬೆಯ ಮಳೆಯಲ್ಲಿ ನೆನೆಸಿ ನಮಗೆ ತೋರಿಸಿದರು. ಅಲ್ಲಿ ಚಿನ್ನವಿಲ್ಲ, ವಿಮಾನವಿಲ್ಲ. ಆಲ್ಬರ್ಟ್ ಮಿಷನ್ ಶಾಲೆ ಇದೆ, ಸರಯೂ ನದಿ ಇದೆ, ಅಡಮಾನ ಬ್ಯಾಂಕಿನ ಎದುರಿನ ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಹಳ್ಳಿಯವರಿಗೆ ಸಾಲದ ಅರ್ಜಿ ತುಂಬಿಕೊಡುವ ಮಾರ್ಗಯ್ಯ ಇದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮುನಿಸಿಪಾಲಿಟಿ ಇದೆ, ಅದೂ ಅಸಲಿ ಮುನಿಸಿಪಾಲಿಟಿ. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಅದು ಬೀದಿಗಳ ಹೆಸರನ್ನೆಲ್ಲ ಬದಲಿಸಿ, ಯಾರು ಎಲ್ಲಿದ್ದಾರೆ ಎಂಬುದೇ ಊರಿಗೆ ತಿಳಿಯದ ಹಾಗೆ ಮಾಡುತ್ತದೆ. ಲಾಲಿ ಎಂಬ ದೊರೆಯ ಪ್ರತಿಮೆಯನ್ನು ದುಷ್ಟನೆಂದು ಕಿತ್ತುಹಾಕಿದ ಮೇಲೆ, ದುಷ್ಟ ಲಾಲಿ ಬೇರೆಯವನು, ಇವನು ಊರು ಕಟ್ಟಿದ ಪುಣ್ಯಾತ್ಮ ಎಂದು ತಿಳಿಯುತ್ತದೆ. ನಾಲ್ಕನೇ ಬ್ಲಾಕು ಬೇರೆ, ನಾಲ್ಕನೇ ಟಿ ಬ್ಲಾಕು ಬೇರೆ ಎಂದು ದಿನಾ ಡೆಲಿವರಿ ಹುಡುಗರಿಗೆ ಫೋನಿನಲ್ಲಿ ವಿವರಿಸುವ ನಮಗೆ ಇದಕ್ಕಿಂತ ನಂಬಿಕಸ್ಥ ದೇಶ ಸಿಗುವುದಿಲ್ಲ. ವಕಾಂಡದಲ್ಲಿ ಕಂದಾಯ ಕಟ್ಟಲು ಕ್ಯೂ ನಿಂತವರನ್ನು ನಾನಂತೂ ನೋಡಿಲ್ಲ. ತಪ್ಪು ಮಾಡುವ ಕಚೇರಿ ಇರಬೇಕಾದರೆ, ಮೊದಲು ಕಚೇರಿ ಅಂತ ಒಂದು ಇರಬೇಕಲ್ಲ.

ಮೇಷ್ಟ್ರು ಮಾಲ್ಗುಡಿಗೆ 'ಮಧ್ಯಮ' ಕೊಟ್ಟರು. ಭಾರತಕ್ಕೂ ವಿಶ್ವಸಂಸ್ಥೆ ಅಷ್ಟೇ ಕೊಟ್ಟಿರುವುದರಿಂದ ನಾನು ಜಗಳಕ್ಕೆ ಹೋಗಲಿಲ್ಲ.

ಮೊಮ್ಮಗ ಇದನ್ನೆಲ್ಲ ಕೇಳಿಸಿಕೊಂಡು ಡ್ರಾಯಿಂಗ್ ಪುಸ್ತಕದಲ್ಲಿ ತನ್ನದೇ ದೇಶ ಮಾಡಿಕೊಂಡು ಬಂದ. ಬಾವುಟ, ಯುದ್ಧವಿಮಾನಗಳ ಸಾಲು, ನಿಮಿಷಕ್ಕೊಂದು ಮೆಟ್ರೋ. ಮೇಷ್ಟ್ರು ಹಾಳೆಯ ಮೇಲೆ ಬೆರಳಾಡಿಸಿ, "ನೀರು ಎಲ್ಲಿಂದಲೋ?" ಎಂದರು. ಹುಡುಗ ಒಂದು ನೀಲಿ ಗೆರೆ ತೋರಿಸಿದ. ಅದು ಗಡಿಯ ಆಚೆಯಿಂದ ಬಂದಿತ್ತು.

"ಪಕ್ಕದ ದೇಶದವರನ್ನ ಕೇಳಿದೀಯಾ?"

"ಇಲ್ಲ ತಾತ."

"ಹಾಗಾದ್ರೆ ಮೊದಲು ಟ್ರಿಬ್ಯೂನಲ್ ಬರಿ. ಕಾವೇರಿದು 1990ರಲ್ಲಿ ಶುರುವಾಗಿ ತೀರ್ಪು ಬರೋ ಹೊತ್ತಿಗೆ 2007 ಆಯ್ತು. ಗಟ್ಟಿ ಕಟ್ಟಡವೇ ಬೇಕು."

ಹುಡುಗ ಎರಡು ವಿಮಾನ ಅಳಿಸಿ, ಕಂಬಗಳ ಒಂದು ಕಟ್ಟಡ ಎಬ್ಬಿಸಿದ. ಒಳಗೆ ಯಾರನ್ನೂ ಬರೆದಿಲ್ಲವಲ್ಲ ಎಂದು ಕೇಳಿದೆ.

"ಊಟಕ್ಕೆ ಹೋಗಿದಾರೆ ಅಂಕಲ್" ಎಂದ.