ಬಂಗಾರದ ಕತ್ತಿಗೆ ಬಹುಪರಾಕ್

ನವರಾತ್ರಿಯಲ್ಲಿ ದೇವರಗುಡ್ಡದ ಕಾರ್ಣಿಕ, ಅಂದರೆ ದೇವರ ಭವಿಷ್ಯವಾಣಿ, ಕೇಳಲು ಬಂದವರೆಲ್ಲ ಮಳೆ, ಬೆಳೆ, ಮೆಣಸಿನಕಾಯಿ ದರದಂಥ ಸಣ್ಣಪುಟ್ಟ ಚಿಂತೆಯವರು. ನಮ್ಮ ಕಾದಂಬರಿಕಾರರೊಬ್ಬರೇ ನಾಡಿನ ಗಹನ ಪ್ರಶ್ನೆ ಹೊತ್ತು ಗುಡ್ಡ ಹತ್ತಿದ್ದರು: ಪಾಳೆಯಗಾರರ ಕಾಲದ ತಮ್ಮ ಅದ್ಭುತಕಥೆಯ ನಾಯಕನಿಗೆ ಯಾವ ಲೋಹದ ಕತ್ತಿ ಕೊಡಬೇಕು?

ಬಂಗಾರದ್ದೇ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಎಂಥ ದೂರದೃಷ್ಟಿ! ಉಕ್ಕಿನಲ್ಲಿ ಒಂದೂಕಾಲು ಕಿಲೋ ತೂಗುವ ಕತ್ತಿ ಬಂಗಾರದಲ್ಲಿ ಮೂರು ಕಿಲೋ ದಾಟುತ್ತದೆ. ನಾಯಕ ಅದನ್ನೆತ್ತುವಷ್ಟರಲ್ಲಿ ಎರಡು ಅಧ್ಯಾಯ ಸರಾಗ ಸಾಗುತ್ತವೆ. ಮೊದಲ ಏಟಿಗೇ ಬಾಗುತ್ತದೆ, ನಿಜ. ಬಾಗಿದ್ದೇ ವಿನಯ.

ಉಕ್ಕಿನ ಮಾತೆತ್ತಿದರೆ ಅವರಿಗೆ ಬೇಸರ. ಒಲೆಯ ಮೇಲೆ ಹಾಲು ಮಾಡುವ ಕೆಲಸಕ್ಕೂ ಅದೇ ಹೆಸರು. ವೀರರಸ ಎಲ್ಲಿಂದ ಬರಬೇಕು? ಮೂಸೆಯಲ್ಲಿ ಕಬ್ಬಿಣಕ್ಕೆ ಕಟ್ಟಿಗೆ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ಕಾಯಿಸಿ, ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲ ಹಿಡಿಸುತ್ತಿದ್ದ ಕೆಲಸವನ್ನು ಮೈಸೂರು ಸೀಮೆಯಲ್ಲಿ 1800ರ ಸುಮಾರಿಗೆ ಪ್ರವಾಸಿ ಬುಕನನ್ ಕಣ್ಣಾರೆ ಕಂಡು ಬರೆದಿಟ್ಟ. ನಮ್ಮ ‘ಉಕ್ಕು’ ಪರದೇಶದವರ ಬಾಯಲ್ಲಿ ‘ವೂಟ್ಸ್’ ಆಯಿತೆನ್ನುತ್ತಾರೆ. ಅದರ ಗುಟ್ಟು ಬಿಡಿಸಲು ಲಂಡನ್ನಿನಲ್ಲಿ ವಿಜ್ಞಾನಿ ಫ್ಯಾರಡೆ ತಲೆ ಕೆಡಿಸಿಕೊಂಡ. ಪಾಪ, ಅವನಿಗೆ ಕಾದಂಬರಿ ಬರೆಯುವ ಒತ್ತಡವಿರಲಿಲ್ಲ.

ಆಕಾಶದಿಂದ ಬಿದ್ದ ಕಬ್ಬಿಣ ಎರಡನೇ ಆಯ್ಕೆ. 1621ರಲ್ಲಿ ಜಲಂಧರದ ಹತ್ತಿರ ಬಿದ್ದ ಉಲ್ಕೆಯಿಂದ ಜಹಾಂಗೀರ್ ಕತ್ತಿ ಮಾಡಿಸಿದ್ದುಂಟು. ಆದರೆ ಆ ಕಬ್ಬಿಣ ಸುತ್ತಿಗೆಯ ಕೆಳಗೆ ನಿಲ್ಲದೆ ಪುಡಿಯಾಗಿ, ಮೂರು ಪಾಲಿಗೆ ಒಂದು ಪಾಲು ನೆಲದ ಕಬ್ಬಿಣ ಬೆರೆಸಬೇಕಾಯಿತು. ಕಾದಂಬರಿಕಾರರು ಆ ಬೆರಕೆಯನ್ನು ಸಂಪಾದಕರಿಗಿಂತ ಮೊದಲೇ ಕತ್ತರಿಸಿದರು. ಶುದ್ಧಿ ಅಂದರೆ ಶುದ್ಧಿ.

ಅಷ್ಟರಲ್ಲಿ ದೇವರ ಸೇವೆಯ ಗೊರವಯ್ಯ ಸರಪಳಿ ಪವಾಡಕ್ಕಿಳಿದು ಕಬ್ಬಿಣದ ಸರಪಳಿ ಹರಿದರು. ‘ನೋಡಿದಿರಾ, ಕಬ್ಬಿಣದ ಹಣೆಬರಹ ಇಷ್ಟೇ’ ಎಂದು ಇವರು ಟಿಪ್ಪಣಿ ಮಾಡಿಕೊಂಡರು. ಅಧ್ಯಯನ ಎಂದರೆ ಇದು. ಆಮೇಲೆ ಕಾರ್ಣಿಕ ನುಡಿಯುವವರು ಏರಿದ್ದ ಬಿಲ್ಲಿನ ತುದಿಯಿಂದ ‘ಸದ್ದಲೇ’ ಎಂಬ ಕೂಗು ಬಂತು. ಸಾವಿರಾರು ಜನ ಉಸಿರು ಬಿಗಿಹಿಡಿದರು. ಇಳಿದು ಬಂದ ನುಡಿಯಲ್ಲಿ ಕತ್ತಿಯ ಸುದ್ದಿಯೇ ಇರಲಿಲ್ಲ. ಇವರು ಮಾತ್ರ ಅದನ್ನು ಬಂಗಾರಕ್ಕೆ ಒಪ್ಪಿಗೆ ಎಂದೇ ಅರ್ಥೈಸಿದರು.

ಇಳಿಯುವಾಗ ಕಮ್ಮಾರರೊಬ್ಬರನ್ನೂ ವಿಚಾರಿಸಿದರು.

‘ಬಂಗಾರದ್ದು ಬ್ಯಾಡ್ರಿ ಸರ, ಹರಿತ ನಿಲ್ಲಂಗಿಲ್ಲ. ಲಾರಿ ಕಮಾನ್ ಪಟ್ಟಿ ತಗೊಂಡು ಬರ್ರಿ, ಸಂಜೀಕ ಬಡದು ಕೊಡ್ತೀನಿ.’

ಕಾದಂಬರಿಕಾರರು ಕರುಣೆಯಿಂದ ನಕ್ಕು, ತೆಂಗಿನಕಾಯಿ ಸುಲಿಯಲು ಮನೆಗೊಂದು ಮಚ್ಚಿಗೆ ಹೇಳಿಟ್ಟರು. ಅದು ಮಾತ್ರ ಗಟ್ಟಿ ಇರಲಿ ಎಂದರು.